ಹೌಸಿಂಗಿನೊಳಗಿನ ಯೋಗ್ಯತೆ

ಭಾರ ಎಳೆಯುವ ಡೀಸೆಲ್ ಲಾರಿಯ ಹಿಂದಿನ ಅಚ್ಚಿನ ನಡುಮಧ್ಯದಲ್ಲಿ, ಕುಂಬಳಕಾಯಿಯಂತೆ ಉಬ್ಬಿದ ಲೋಹದ ಪೆಟ್ಟಿಗೆಯೊಳಗೆ, ಎರಡು ಹಲ್ಲುಗಾಲಿಗಳು ದಪ್ಪ ಎಣ್ಣೆಯಲ್ಲಿ ಅರೆಮುಳುಗಿ ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಪೆಟ್ಟಿಗೆಗೆ ಹೌಸಿಂಗ್ ಎಂದೂ, ಎಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ಶಾಫ್ಟಿನ ತುದಿಯ ಚಿಕ್ಕ ಗಾಲಿಗೆ ಪಿನಿಯನ್ ಎಂದೂ, ಅದರಿಂದ ತಿರುಗುವ ದೊಡ್ಡ ಗಾಲಿಗೆ ಕ್ರೌನ್ ಎಂದೂ ಗ್ಯಾರೇಜಿನವರ ಮಾತಿನಲ್ಲಿ ಹೆಸರು. ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಅಚ್ಚಿನ ಅನುಪಾತ, ಅಂದರೆ ಚಕ್ರ ಒಂದು ಸುತ್ತು ಹೋಗಬೇಕಾದರೆ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದರ ಲೆಕ್ಕ. ಚಾಲಕನ ಕೈಯಲ್ಲಿರುವ ಗೇರು ದಿನಕ್ಕೆ ನೂರಾರು ಸಲ ಬದಲಾಗುತ್ತದೆ. ಈ ಸಂಖ್ಯೆಯಾದರೋ ಲಾರಿ ಕೊಳ್ಳುವ ದಿನವೇ ನಿಶ್ಚಯವಾಗಿ, ಆಮೇಲೆ ದಾರಿ ಬದಲಾದರೂ ಲೋಡು ಬದಲಾದರೂ ಚಾಲಕನೇ ಬದಲಾದರೂ ತಾನು ಬದಲಾಗದೆ ಉಳಿಯುತ್ತದೆ.

ಬದಲಾಗದ ಒಂದು ಅಂಶ ಮತ್ತು ಗಳಿಗೆಗೊಮ್ಮೆ ಬದಲಾಗುವ ಇನ್ನೊಂದು ಅಂಶ ಜೊತೆಗೂಡಿ ದುಡಿಯುವಲ್ಲಿ ಫಲವನ್ನು ಯಾವುದರ ಹೆಸರಿಗೆ ಬರೆಯಬೇಕು ಎಂಬುದು ಲಾರಿಗಿಂತ ಬಹಳ ಹಳೆಯ ಪ್ರಶ್ನೆ. ಭಾರತೀಯ ತತ್ತ್ವಶಾಸ್ತ್ರ ಇದನ್ನು ಸ್ವಭಾವ ಮತ್ತು ಪ್ರಯತ್ನಗಳ ಪ್ರಶ್ನೆಯೆಂದು ಚರ್ಚಿಸಿದೆ. ಕಠೋಪನಿಷತ್ತು ದೇಹವನ್ನು ರಥಕ್ಕೂ, ಬುದ್ಧಿಯನ್ನು ಸಾರಥಿಗೂ, ಮನಸ್ಸನ್ನು ಲಗಾಮಿಗೂ, ಇಂದ್ರಿಯಗಳನ್ನು ಕುದುರೆಗಳಿಗೂ ಹೋಲಿಸಿ, ರಥದೊಳಗೆ ಕುಳಿತವನು ಆತ್ಮನೆಂದು ಹೇಳುತ್ತದೆ. ಆದರೆ ಇಡೀ ರಥದ ಭಾರವನ್ನು ಹೊತ್ತ ಅಚ್ಚು ಆ ಹೋಲಿಕೆಯಲ್ಲಿ ಬರುವುದಿಲ್ಲ. ಹೋಲಿಕೆಯಲ್ಲಿ ಬರದ ಆ ಅಚ್ಚಿನ ಜಾಗವನ್ನು ತುಂಬಬಲ್ಲ ಪದವೊಂದು ರಾಯಚೂರು ಸೀಮೆಯ ದಾಸ ಪರಂಪರೆಯಲ್ಲಿ ಉಂಟು. ಅದು ಯೋಗ್ಯತೆ ಎಂಬ ಪದ. ಇಂಧನದ ಉಳಿತಾಯಕ್ಕಾಗಿ ಅಚ್ಚಿನ ಅನುಪಾತವನ್ನು ಆರಿಸಿಕೊಳ್ಳುವ ವ್ಯವಹಾರವನ್ನು ಈ ಪದದ ಬೆಳಕಿನಲ್ಲಿ ನೋಡಿದಾಗ ವ್ಯವಹಾರವೂ ಸ್ಪಷ್ಟವಾಗುತ್ತದೆ. ಹಲವು ಶತಮಾನಗಳಿಂದ ತಪ್ಪಾಗಿ ಬಳಕೆಯಾಗುತ್ತ ಬಂದಿರುವ ಆ ಪದದ ಒಳ ಅರ್ಥವೂ ಸ್ವಲ್ಪ ಮಟ್ಟಿಗೆ ತಿಳಿಯಾಗುತ್ತದೆ.

ಮೊದಲು ಯಂತ್ರದ ಲೆಕ್ಕವನ್ನು ನೋಡಬೇಕು. ಕ್ರೌನಿನಲ್ಲಿ 41 ಹಲ್ಲು, ಪಿನಿಯನ್ನಿನಲ್ಲಿ 6 ಹಲ್ಲು ಇದ್ದರೆ ಅನುಪಾತ 6.83, 41ಕ್ಕೆ 7 ಇದ್ದರೆ 5.86, 37ಕ್ಕೆ 7 ಇದ್ದರೆ 5.29. ಲಾರಿಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ 10.00–20 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 3.2 ಮೀಟರ್ ದೂರ ಕ್ರಮಿಸುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ನಿಮಿಷಕ್ಕೆ 1,000 ಮೀಟರ್ ಆದುದರಿಂದ ಚಕ್ರ ನಿಮಿಷಕ್ಕೆ ಸುಮಾರು 312 ಸುತ್ತು ತಿರುಗಬೇಕು. ಟಾಪ್ ಗೇರಿನಲ್ಲಿ ಗೇರ್‌ಬಾಕ್ಸ್ ತನ್ನ ಕಡೆಯಿಂದ ಹೆಚ್ಚು ಕಡಿಮೆ ಏನನ್ನೂ ಮಾಡದೆ ಎಂಜಿನ್ನಿನ ತಿರುಗುವಿಕೆಯನ್ನು ಹಾಗೆಯೇ ಹಿಂದಕ್ಕೆ ದಾಟಿಸುತ್ತದೆ ಎಂದಿಟ್ಟುಕೊಂಡರೆ, ಅದೇ ವೇಗಕ್ಕೆ 6.83ರ ಅಚ್ಚು ಎಂಜಿನ್ನಿನಿಂದ ನಿಮಿಷಕ್ಕೆ ಸುಮಾರು 2,130 ಸುತ್ತು ಕೇಳುತ್ತದೆ, 5.86ರ ಅಚ್ಚು 1,830 ಕೇಳುತ್ತದೆ, 5.29ರದು 1,650ಕ್ಕೇ ತೃಪ್ತವಾಗುತ್ತದೆ. ಒಂದೇ ದಾರಿ, ಒಂದೇ ವೇಗ, ಒಂದೇ ಲೋಡು ಇದ್ದರೂ ಎಂಜಿನ್ ನಿಮಿಷವೊಂದಕ್ಕೆ ಐನೂರರಷ್ಟು ಸುತ್ತು ಹೆಚ್ಚು ಅಥವಾ ಕಡಿಮೆ ತಿರುಗುವುದಕ್ಕೆ ಪಿನಿಯನ್ನಿನ ಒಂದು ಹಲ್ಲು, ಕ್ರೌನಿನ ನಾಲ್ಕು ಹಲ್ಲು ಕಾರಣವಾಗುತ್ತವೆ.

ಈ ಸುತ್ತುಗಳಿಗೂ ಡೀಸೆಲ್ಲಿಗೂ ಇರುವ ಸಂಬಂಧ ಸರಳವಾದದ್ದು. ಎಂಜಿನ್ ಹೊರಗೆ ಕೆಲಸ ಮಾಡಲಿ ಬಿಡಲಿ, ತಿರುಗಿದ ಪ್ರತಿ ಸುತ್ತಿಗೂ ಪಿಸ್ಟನ್ನುಗಳ ಉಜ್ಜುವಿಕೆಗೆ, ಬೇರಿಂಗುಗಳಿಗೆ, ಎಣ್ಣೆ ಮತ್ತು ನೀರಿನ ಪಂಪುಗಳಿಗೆ, ಗಾಳಿಯನ್ನು ಒಳಗೆಳೆದು ಹೊರದಬ್ಬುವುದಕ್ಕೆ ಒಂದಿಷ್ಟು ಡೀಸೆಲ್ ತೆರಲೇಬೇಕಾಗುತ್ತದೆ. ಒಂದೇ ಕೆಲಸವನ್ನು ಕಡಿಮೆ ಸುತ್ತುಗಳಲ್ಲಿ, ಪ್ರತಿ ಸುತ್ತೂ ಹೆಚ್ಚು ಹೊರುವಂತೆ ಮಾಡಿಸಿದರೆ ಈ ತೆರಿಗೆ ಕಡಿಮೆಯಾಗುತ್ತದೆ. ಆದರೆ ಅನುಪಾತ ಇಳಿದಂತೆ ಚಕ್ರದ ಎಳೆತವೂ ಇಳಿಯುತ್ತದೆ, 6.83ರಿಂದ 5.29ಕ್ಕೆ ಬಂದಾಗ ಅದೇ ಗೇರಿನಲ್ಲಿ ಎಳೆಯುವ ಬಲ ಸುಮಾರು ಶೇ. 23ರಷ್ಟು ಕುಗ್ಗುತ್ತದೆ. ಕುಗ್ಗಿದ ಬಲ ಲೋಡಿಗೆ ಸಾಲದೆ ಹೋದರೆ ಎಂಜಿನ್ ಗುದ್ದಾಡಿಕೊಂಡು ಏದುಸಿರು ಬಿಡುತ್ತದೆ, ಚಾಲಕ ಕೆಳಗಿನ ಗೇರಿಗೆ ಬರಲೇಬೇಕಾಗುತ್ತದೆ, ಕೆಳಗಿನ ಗೇರಿನಲ್ಲಿ ಸುತ್ತುಗಳು ಮತ್ತೆ ಏರಿ ಉಳಿತಾಯವೆಂದು ಬಗೆದದ್ದೆಲ್ಲ ಕೈಬಿಡುತ್ತದೆ. ನಿಂತಲ್ಲಿಂದ ಹೊರಡುವಾಗ ಕ್ಲಚ್ಚು ಸುಟ್ಟು ಹೋಗುವುದು ಬೇರೆ. ಅನುಪಾತ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಟೈರು ನೆಲಕ್ಕೆ ಅಂಟಿಕೊಂಡು ಉರುಳುವುದಕ್ಕೆ, ಗಾಳಿಯನ್ನು ಸೀಳುವುದಕ್ಕೆ, ದಿಬ್ಬ ಏರುವುದಕ್ಕೆ ಎಷ್ಟು ಬೇಕೋ ಅಷ್ಟನ್ನು ದಾರಿ ಕೇಳಿಯೇ ಕೇಳುತ್ತದೆ. ಆ ಬೇಡಿಕೆಯನ್ನು ಎಂಜಿನ್ ಯಾವ ಸ್ಥಿತಿಯಲ್ಲಿದ್ದು ಪೂರೈಸಬೇಕು ಎಂಬುದಷ್ಟೇ ಅನುಪಾತದ ಕೈಯಲ್ಲಿರುವ ವಿಷಯ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಸೀಮೆ ಬಹುಮಟ್ಟಿಗೆ ಬಯಲು. ಅಲ್ಲಲ್ಲಿ ಬಂಡೆಗುಡ್ಡಗಳಿದ್ದರೂ ದಾರಿಗಳು ಅವುಗಳನ್ನು ಏರದೆ ಬಳಸಿಕೊಂಡು ಹೋಗುತ್ತವೆ. ಘಟ್ಟವಿಲ್ಲದ ಇಂಥ ದಾರಿಗೆ ಕಡಿಮೆ ಅನುಪಾತದ ಅಚ್ಚೇ ಸರಿಯೆಂದು ಮೇಲ್ನೋಟಕ್ಕೆ ಯಾರಾದರೂ ಹೇಳಬಹುದು. ಆದರೆ ಮಾನ್ವಿಯ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಎರೆ ನೆಲದ ಗದ್ದೆಗಳಿಂದ ಭತ್ತದ ಚೀಲ ಹೊರುವ ಗಾಡಿಯ ಪಾಡು ಬೇರೆ. ಕೊಯ್ಲು ಮುಗಿದರೂ ಆರದ ಕಪ್ಪು ಮಣ್ಣು ಟೈರಿನ ಗೀರುಗಳಲ್ಲೆಲ್ಲ ಹಿಟ್ಟಿನಂತೆ ತುಂಬಿಕೊಂಡಿರುವಾಗ, ತುಂಬಿದ ಲೋಡಿನೊಂದಿಗೆ ಬದುವಿನ ಪಕ್ಕದಿಂದ ಡಾಂಬರು ರಸ್ತೆಯ ಅಂಚಿಗೆ ಹತ್ತುವ ಆ ಮೂವತ್ತು ನಲವತ್ತು ಅಡಿಗಳಲ್ಲಿ ಬೇಕಾಗುವುದು ಬಲವೇ ಹೊರತು ಮಿತವ್ಯಯವಲ್ಲ. ಅದೇ ಲಾರಿ ರಸ್ತೆ ಸೇರಿ ಕಲ್ಮಲಾ ದಾಟಿ ರಾಯಚೂರಿನ ಮಿಲ್ಲುಗಳ ಕಡೆ ಸುಮಾರು 45 ಕಿಲೋಮೀಟರ್ ಸಾಗುವಾಗ, ಮುಂದೆ ಅಕ್ಕಿಯಾಗಿ ಹೈದರಾಬಾದಿಗೋ ಬೆಂಗಳೂರಿಗೋ ಹೊರಟಾಗ, ಬೇಕಾಗುವುದು ತದ್ವಿರುದ್ಧವಾದ ಗುಣ.

ದೇವದುರ್ಗದ ಕಡೆಯಿಂದ ಗಬ್ಬೂರಿನ ಮೇಲೆ ಬರುವ ಹತ್ತಿಯ ಲೋಡಿನ ನ್ಯಾಯ ಮತ್ತೊಂದು ಬಗೆಯದು. ಹತ್ತಿಯ ಅಂಡಿಗೆಗಳು ತೂಕಕ್ಕಿಂತ ಮೊದಲೇ ಎತ್ತರವನ್ನು ಮುಗಿಸುತ್ತವೆ. ಲಾರಿಯ ಪಕ್ಕೆಗಳಿಂದ ಉಬ್ಬಿ ಹೊರಚಾಚಿ, ಹಗ್ಗ ಬಿಗಿದು ಕಟ್ಟಿದ ಆ ಬಿಳಿಯ ಗುಡ್ಡ ಟೈರಿಗೆ ಭಾರವಾಗುವುದಕ್ಕಿಂತ ಹೆಚ್ಚಾಗಿ ಗಾಳಿಗೆ ಅಡ್ಡವಾಗುತ್ತದೆ. ಗಾಳಿಯ ಪ್ರತಿರೋಧ ವೇಗದ ವರ್ಗದಂತೆ ಬೆಳೆಯುವುದರಿಂದ, ಅಂದರೆ ವೇಗ ಎರಡು ಪಟ್ಟಾದರೆ ಪ್ರತಿರೋಧ ನಾಲ್ಕು ಪಟ್ಟಾಗುವುದರಿಂದ, 60ರಿಂದ 80 ಕಿಲೋಮೀಟರ್ ವೇಗಕ್ಕೆ ಏರಿದ ಲಾರಿ ಗಾಳಿಗೆ ಸುಮಾರು 1.8 ಪಟ್ಟು ಸುಂಕ ತೆರುತ್ತದೆ. ಭತ್ತದ ಲಾರಿ ನೆಲಕ್ಕೆ ಸುಂಕ ಕಟ್ಟಿದರೆ ಹತ್ತಿಯ ಲಾರಿ ಗಾಳಿಗೆ ಕಟ್ಟುತ್ತದೆ. ಎರಡಕ್ಕೂ ಒಂದೇ ಅಚ್ಚನ್ನು ಒಳ್ಳೆಯದೆಂದೋ ಕೆಟ್ಟದ್ದೆಂದೋ ಹೇಳುವುದು ಅರ್ಥವಿಲ್ಲದ ಮಾತಾಗುತ್ತದೆ. ಇಷ್ಟಾದರೂ ಈ ಸೀಮೆಯಲ್ಲಿ ಲಾರಿಯ ವಿಷಯ ಬಂದಾಗ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಆವರೇಜ್ ಎಷ್ಟು ಕೊಡುತ್ತದೆ ಎಂಬುದೇ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಆ ಒಂದು ಸಂಖ್ಯೆ ಲಾರಿಯ ಹಣೆಬರಹದಂತೆ ಅದರ ಹೆಸರಿಗೆ ಅಂಟಿಕೊಳ್ಳುತ್ತದೆ.

ಇದೇ ನೆಲದಲ್ಲಿ ಹದಿನೆಂಟನೆಯ ಶತಮಾನದಲ್ಲಿ ಯೋಗ್ಯತೆಯ ವಿಚಾರ ಜನರ ನಾಲಿಗೆಯ ಮೇಲೆ ಹಾಡಾಗಿ ನಲಿಯಿತು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು (1682–1755), ಅವರ ಶಿಷ್ಯರಾದ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಗೆ ಸಮೀಪದ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲೇ ನೆಲೆಸಿದ ಜಗನ್ನಾಥದಾಸರು (1728–1809), ಹೀಗೆ ಒಂದೇ ಸೀಮೆಯ ಊರುಗಳಲ್ಲಿ ಮೂವರು ಮಹನೀಯರು ಮಧ್ವಾಚಾರ್ಯರ ದ್ವೈತ ಸಿದ್ಧಾಂತವನ್ನು ಸಂಸ್ಕೃತದಿಂದ ಕನ್ನಡಕ್ಕೆ ಇಳಿಸಿದರು. ಜಗನ್ನಾಥದಾಸರ ಹರಿಕಥಾಮೃತಸಾರವು ಭಾಮಿನಿ ಷಟ್ಪದಿಯಲ್ಲಿದ್ದು ಸಂಧಿಗಳಾಗಿ ಹಂಚಿಕೊಂಡಿದೆ. ಅದರಲ್ಲಿ ಆರೋಹಣ ತಾರತಮ್ಯ, ಅವರೋಹಣ ತಾರತಮ್ಯ ಎಂಬ ಸಂಧಿಗಳೇ ಬೇರೆಯಾಗಿ ಇರುವುದನ್ನು ನೋಡಿದರೆ ಈ ವಿಚಾರಕ್ಕೆ ಅವರು ಕೊಟ್ಟ ಮಹತ್ವ ತಿಳಿಯುತ್ತದೆ. ತಾರತಮ್ಯವೆಂದರೆ ಜೀವಜೀವಗಳ ನಡುವಿನ ಹೆಚ್ಚು ಕಡಿಮೆಯ ಕ್ರಮ. ಯೋಗ್ಯತೆಯೆಂದರೆ ಆ ಕ್ರಮಕ್ಕೆ ಆಧಾರವಾದ, ಪ್ರತಿ ಜೀವದ ಸ್ವರೂಪದಲ್ಲೇ ಅನಾದಿಯಾಗಿ ಇರುವ, ಹುಟ್ಟು ಸಾವುಗಳಿಂದ ಬದಲಾಗದ ಸಾಮರ್ಥ್ಯ. ಮಧ್ವಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಫಲಕ್ಕೆ ಮೂರು ಕಾರಣಗಳನ್ನು ಹೇಳುತ್ತಾರೆ: ಹಠವೆಂದೂ ಕರೆಯುವ ಅನಾದಿ ಯೋಗ್ಯತೆ, ಅನಾದಿಯಿಂದ ಹರಿದುಬಂದ ಕರ್ಮ, ಮತ್ತು ಜೀವನು ಈಗ ಮಾಡುವ ಪ್ರಯತ್ನ. ಮೂರೂ ಹರಿಯ ಅಧೀನ. ಆದರೂ ಪ್ರಯತ್ನವಿಲ್ಲದೆ ಮೊದಲಿನ ಎರಡು ಫಲವನ್ನು ತಂದುಕೊಡಲಾರವಾದ್ದರಿಂದ ಪ್ರಯತ್ನ ಕರ್ತವ್ಯವೇ ಎಂಬುದು ಸಂಪ್ರದಾಯದ ನಿಲುವು.

ಈ ಮೂರು ಕಾರಣಗಳನ್ನು ಲಾರಿಯ ಪಕ್ಕದಲ್ಲಿ ಇಟ್ಟು ನೋಡಬಹುದು. ಬದಲಾಗದ ಅನುಪಾತ ಯೋಗ್ಯತೆಯ ಸ್ಥಾನದಲ್ಲಿದೆ. ಹಿಂದೆಲ್ಲೋ ಹೇರಿಕೊಂಡು ಈಗ ಹೊತ್ತು ನಡೆಯಲೇಬೇಕಾದ ಲೋಡು ಕರ್ಮದ ಸ್ಥಾನದಲ್ಲಿದೆ. ಗೇರು, ಕ್ಲಚ್ಚು, ಪೆಡಲುಗಳ ಮೇಲಿನ ಚಾಲಕನ ಕೈಕಾಲು ಪ್ರಯತ್ನದ ಸ್ಥಾನದಲ್ಲಿದೆ. ಲಾರಿಯ ಆವರೇಜು ಈ ಮೂರರಲ್ಲಿ ಯಾವ ಒಂದರ ಗುಣವೂ ಅಲ್ಲ, ಮೂರೂ ಒಂದಕ್ಕೊಂದು ಹೊಂದಿಕೊಂಡ ಗಳಿಗೆಯ ಗುಣ. ಯೋಗ್ಯ ಎಂಬ ಪದದ ಮೂಲವೇ ಇದನ್ನು ಹೇಳುತ್ತದೆ. ಯುಜ್ ಎಂಬ ಧಾತುವಿಗೆ ಹೂಡು, ಕಟ್ಟು, ಜೊತೆಗೂಡಿಸು ಎಂಬ ಅರ್ಥಗಳಿವೆ. ಯೋಗ್ಯವೆಂದರೆ ಮೊದಲ ಅರ್ಥದಲ್ಲಿ ನೊಗಕ್ಕೆ ಹೂಡಲು ತಕ್ಕದ್ದು. ನೊಗವಿಲ್ಲದೆ, ಎಳೆಯಬೇಕಾದ ಬಂಡಿಯಿಲ್ಲದೆ, ಒಂದು ಎತ್ತನ್ನು ಯೋಗ್ಯವೆಂದು ಕರೆಯುವುದಕ್ಕೆ ಆಧಾರವೇ ಇರುವುದಿಲ್ಲ. ಹಾಗಿರುವಾಗ ಯೋಗ್ಯತೆಯನ್ನು ಭಾರದಿಂದ ಬಿಡಿಸಿ, ಹೆಗಲಿನಿಂದ ಕಳಚಿ, ಎದೆಗೆ ತಗುಲಿಸಿಕೊಳ್ಳುವ ಪದಕವನ್ನಾಗಿ ಮಾಡಿಕೊಂಡ ಬಳಕೆ ಪದದ ಹುಟ್ಟಿಗೇ ವಿರುದ್ಧವಾದದ್ದು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ತೆಳುಗೊಳಿಸಬಾರದು. ದ್ವೈತದ ತಾರತಮ್ಯ ಬರಿಯ ಭಿನ್ನತೆಯಲ್ಲ, ಅದು ನಿಜವಾದ ಮೇಲುಕೆಳಗು. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಜೀವರನ್ನು ಸ್ವರೂಪದಿಂದಲೇ ಮೂರಾಗಿ ಎಣಿಸುವ ಸಿದ್ಧಾಂತವಿದು. ಭಿನ್ನತೆಯೇ ಪರಮಾರ್ಥವಲ್ಲವೆನ್ನುವ ಅದ್ವೈತಕ್ಕೆ ಈ ತೊಡಕಿಲ್ಲ; ಕಾಯಕದಲ್ಲಿ ಮೇಲುಕೀಳಿಲ್ಲವೆಂದ ಶರಣರಿಗೂ ಇಲ್ಲ. ಬದಲಾಗದ ಯೋಗ್ಯತೆಯೊಂದು ಇದೆಯೆಂದು ಒಪ್ಪಿಕೊಂಡ ಕೂಡಲೇ, ಇಂಥವರು ಇಷ್ಟಕ್ಕೇ ಹುಟ್ಟಿದವರು ಎಂದು ಇನ್ನೊಬ್ಬರ ಹಣೆಯ ಮೇಲೆ ಬರೆಯುವ ಕೈಗೆ ಮಸಿ ಸಿಕ್ಕಂತಾಗುತ್ತದೆ. ಸಿಕ್ಕಿದೆ ಕೂಡ, ಸ್ವರೂಪದ ಯೋಗ್ಯತೆಯನ್ನು ಹುಟ್ಟಿದ ಜಾತಿಯೊಂದಿಗೆ ಬೆರೆಸಿ ಮಾತನಾಡಿದವರಿಂದ ಈ ಸಮಾಜಕ್ಕೆ ಆಗಿರುವ ನೋವು ಸಣ್ಣದಲ್ಲ.

ಸಿದ್ಧಾಂತದ ಒಳಗಿನಿಂದಲೇ ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು ಪೂರ್ಣತೆಯ ವಿಚಾರ. ಮುಕ್ತಿಯಲ್ಲಿ ಕೂಡ ಆನಂದದ ಅಳತೆ ಬೇರೆಬೇರೆಯೆಂದು ಹೇಳುವ ದ್ವೈತಿಗಳು, ಚೊಂಬು ತುಂಬಿದರೂ ತುಂಬಿದ್ದೇ, ಕೊಡ ತುಂಬಿದರೂ ತುಂಬಿದ್ದೇ, ಹೀಗಾಗಿ ಅಲ್ಲಿ ಮತ್ಸರಕ್ಕೆ ಎಡೆಯಿಲ್ಲ ಎಂದು ವಿವರಿಸುತ್ತಾರೆ. ಸಣ್ಣ ಎಂಜಿನ್ ತನ್ನ ತಕ್ಕ ಲೋಡಿನಲ್ಲಿ, ತನ್ನ ತಕ್ಕ ಸುತ್ತುಗಳಲ್ಲಿ ಓಡುವಾಗ, ತನಗೆ ತಕ್ಕದ್ದಲ್ಲದ ಕೆಲಸದಲ್ಲಿ ಸಿಕ್ಕಿಬಿದ್ದ ದೊಡ್ಡ ಎಂಜಿನ್ನಿಗಿಂತ ತನ್ನ ಡೀಸೆಲ್ಲಿಗೆ ಹೆಚ್ಚು ನ್ಯಾಯ ಒದಗಿಸುತ್ತದೆ ಎಂಬುದು ಇದಕ್ಕೆ ಹತ್ತಿರದ ನೋಟ. ಎರಡನೆಯ ಉತ್ತರ ಇನ್ನೂ ಮುಖ್ಯವಾದದ್ದು. ಸ್ವರೂಪದ ಯೋಗ್ಯತೆ ಹರಿಗೆ ಗೊತ್ತು, ಹರಿಯನ್ನು ಕಂಡ ಅಪರೋಕ್ಷ ಜ್ಞಾನಿಗಳಿಗೆ ಅವರವರ ಮಟ್ಟಿಗೆ ಗೊತ್ತು. ಬೀದಿಯಲ್ಲಿ ನಡೆಯುವವರ ಕಣ್ಣಿಗೆ ಅದು ಬೀಳುವಂಥದ್ದಲ್ಲ. ಬಣ್ಣ, ಕ್ಯಾಬಿನ್ನು, ಚಕ್ರಗಳ ಸಂಖ್ಯೆ ಎಲ್ಲ ಒಂದೇ ಆಗಿರುವ ಎರಡು ಲಾರಿಗಳ ಹೌಸಿಂಗಿನೊಳಗೆ ಎರಡು ಬೇರೆ ಅನುಪಾತಗಳಿರಬಹುದು, ಹೊರಗೆ ನಿಂತು ನೋಡಿದವರಿಗೆ ಅದರ ಸುಳಿವೂ ಸಿಗುವುದಿಲ್ಲ. ಕಾಣದ್ದನ್ನು ಕಂಡವರಂತೆ ತೀರ್ಪು ಕೊಡುವುದಕ್ಕೆ ಸಿದ್ಧಾಂತ ಯಾರಿಗೂ ಅಧಿಕಾರ ಕೊಟ್ಟಿಲ್ಲ. ಮಸಿ ಹಿಡಿದ ಕೈ ತಪ್ಪಿತಸ್ಥವಾಗುವುದು ಈ ಕಾರಣಕ್ಕೆ.

ಜಗನ್ನಾಥದಾಸರ ಬದುಕಿನ ಬಗ್ಗೆ ಸಂಪ್ರದಾಯದಲ್ಲಿ ಉಳಿದು ಬಂದ ಕಥೆ ಈ ವಿಚಾರದ ಎದೆಯಲ್ಲೇ ಇದೆ. ಪೂರ್ವದಲ್ಲಿ ಅವರು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರ ಬಗ್ಗೆ ಅವರಿಗಿದ್ದ ಅನಾದರ ಎಷ್ಟೆಂದರೆ, ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು. ನೆಪ ನಿಜವಾಯಿತು, ಹೊಟ್ಟೆನೋವು ಪ್ರಾಣಕ್ಕೇ ಬಂತು. ಕೊನೆಗೆ ವಿಜಯದಾಸರ ಸೂಚನೆಯಂತೆ ಗೋಪಾಲದಾಸರಲ್ಲಿಗೆ ಹೋದಾಗ, ಅವರು ಗುರುವಿನ ಆಜ್ಞೆಯನ್ನು ತಲೆಯ ಮೇಲಿಟ್ಟುಕೊಂಡು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಜೋಳದ ರೊಟ್ಟಿಯ ಮೂಲಕ ಅವರಿಗೆ ಧಾರೆ ಎರೆದರು. ಈ ಕಥೆಯನ್ನು ಭಕ್ತರು ಮಹಿಮೆಯ ಕಥೆಯಾಗಿ ಕೇಳುತ್ತಾರೆ, ಹಾಗೆ ಕೇಳುವುದು ಸರಿಯೇ. ಆದರೆ ಅದರಲ್ಲಿ ಎರಡು ಸೂಕ್ಷ್ಮಗಳಿವೆ. ಹರಿಕಥಾಮೃತಸಾರವನ್ನು ಬರೆಯಬಲ್ಲ ಯೋಗ್ಯತೆ ಶ್ರೀನಿವಾಸಾಚಾರ್ಯರಲ್ಲಿ ಆ ಊಟವನ್ನು ನಿರಾಕರಿಸಿದ ದಿನವೂ ಇತ್ತು. ಇಲ್ಲದಿದ್ದದ್ದು ಅದಕ್ಕೆ ಹೊಂದುವ ಹೊರೆ ಮತ್ತು ಅದನ್ನು ಹೊರುವ ಮನಸ್ಸು. ತಮ್ಮ ಪಾಂಡಿತ್ಯವನ್ನೇ ಯೋಗ್ಯತೆಯೆಂದು ತಿಳಿದದ್ದರಿಂದ ಅವರು ಇನ್ನೊಬ್ಬರ ಯೋಗ್ಯತೆಯನ್ನು ಅಳೆಯಲು ಹೊರಟು ಎಡವಿದರು. ಎರಡನೆಯದು, ಆ ನಲವತ್ತು ವರ್ಷಗಳು ಶೂನ್ಯದಿಂದ ಬರಲಿಲ್ಲ. ಕಥೆಯಲ್ಲಿ ದೇವರು ಆಕಾಶದಿಂದ ಆಯುಷ್ಯ ಸುರಿಸುವುದಿಲ್ಲ; ಮೊಸರಕಲ್ಲಿನ ಒಬ್ಬರ ಲೆಕ್ಕದಿಂದ ಕಳೆದು ಮಾನ್ವಿಯ ಒಬ್ಬರ ಲೆಕ್ಕಕ್ಕೆ ಕೂಡಿಸಲಾಗುತ್ತದೆ. ನಲವತ್ತು ದಾಟುವ ಹೊತ್ತಿಗೇ ಗೋಪಾಲದಾಸರು 1762ರಲ್ಲಿ ಕಣ್ಣುಮುಚ್ಚಿದರೆ, ಜಗನ್ನಾಥದಾಸರು ಎಂಬತ್ತರ ಆಚೆಗೂ ಬದುಕಿದರು.

ಉಳಿತಾಯದ ಮಾತು ಬಂದಲ್ಲೆಲ್ಲ ಈ ಎರಡನೆಯ ಸೂಕ್ಷ್ಮ ನೆನಪಾಗಬೇಕು. ಆವರೇಜು ಹೆಚ್ಚಿತೆಂದರೆ ಏನು ಹೆಚ್ಚಿತು ಎಂದು ಮೊದಲು ಕೇಳಬೇಕು, ಯಾರ ಲೆಕ್ಕದಿಂದ ಎಂದು ಆಮೇಲೆ ಕೇಳಬೇಕು. ಲೀಟರಿಗೆ ಕಿಲೋಮೀಟರ್ ಎಂಬ ಅಳತೆಯಲ್ಲಿ ಎಲ್ಲಕ್ಕಿಂತ ಶ್ರೇಷ್ಠವಾದದ್ದು ಖಾಲಿ ಲಾರಿ. ಹದಿನೆಂಟು ಟನ್ ಅಕ್ಕಿ ಹೊತ್ತು ಲೀಟರಿಗೆ 4 ಕಿಲೋಮೀಟರ್ ಓಡಿದ ಲಾರಿ, ಏನನ್ನೂ ಹೊರದೆ ಲೀಟರಿಗೆ 6 ಕಿಲೋಮೀಟರ್ ಓಡಿದ ಲಾರಿಯ ಮುಂದೆ ಈ ಅಳತೆಯಲ್ಲಿ ಸೋಲುತ್ತದೆ. ಟನ್ನನ್ನೂ ಕಿಲೋಮೀಟರನ್ನೂ ಗುಣಿಸುವ ಅಳತೆಗೆ ಬಂದರೆ ಮೊದಲನೆಯದು ಲೀಟರಿಗೆ 72 ಟನ್-ಕಿಲೋಮೀಟರ್ ಸೇವೆ ಮಾಡಿದೆ, ಎರಡನೆಯದು ಸೊನ್ನೆ. ಸಾಧನೆಯ ಲೋಕದಲ್ಲೂ ಖಾಲಿ ಲಾರಿಯ ಆವರೇಜಿಗೆ ಮಾರುಹೋಗುವುದುಂಟು: ಸಂಸಾರದ, ಊರಿನ, ನೆರೆಯವರ ಯಾವ ಭಾರಕ್ಕೂ ಹೆಗಲು ಕೊಡದೆ ಎಣಿಸಿದ ಜಪದ ಸಂಖ್ಯೆ, ಯಾರ ಹಸಿವಿಗೂ ಸಂಬಂಧವಿಲ್ಲದ ಉಪವಾಸಗಳ ಪಟ್ಟಿ. ದಾಸರು ತೋರಿಕೆಯ ಮಡಿಯನ್ನೂ ಒಣ ಆಚಾರವನ್ನೂ ಮತ್ತೆ ಮತ್ತೆ ಟೀಕಿಸಿದ್ದು ಆಚಾರ ಬೇಡವೆಂದಲ್ಲ. ಅದು ಏನನ್ನು ಹೊತ್ತು ಎಲ್ಲಿಗೆ ಮುಟ್ಟಿಸಿತು ಎಂದು ಕೇಳುವುದಕ್ಕಾಗಿ.

ಇದರ ವಿರುದ್ಧ ದಿಕ್ಕಿನ ತಪ್ಪು ಓವರ್‌ಲೋಡು. ಟನ್-ಕಿಲೋಮೀಟರಿನ ಲೆಕ್ಕದಲ್ಲಿ ಹೆಚ್ಚು ಹೇರಿದಷ್ಟೂ ಡೀಸೆಲ್ ಉಳಿದಂತೆ ಕಾಣುತ್ತದೆಯಾದ್ದರಿಂದ ಈ ತಪ್ಪು ಲಾಭದ ವೇಷದಲ್ಲಿ ಬರುತ್ತದೆ. ಭಾರತ ಸರ್ಕಾರ 2018ರ ಜುಲೈನಲ್ಲಿ ನಾಲ್ಕು ಟೈರುಗಳ ಒಂಟಿ ಅಚ್ಚಿನ ಮೇಲಿನ ಭಾರದ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೂ, ಜೋಡಿ ಅಚ್ಚಿನದನ್ನು 19ರಿಂದ 21 ಟನ್ನಿಗೂ ಏರಿಸಿತು. ಮಿತಿ ಏರಿದರೂ ಮಿತಿಯನ್ನು ಮೀರುವ ಆಸೆ ತಣಿಯಲಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ರಸ್ತೆ ಪ್ರಯೋಗದಿಂದ ತಿಳಿದುಬಂದ ಸಂಗತಿಯೆಂದರೆ, ಅಚ್ಚಿನ ಭಾರದಿಂದ ರಸ್ತೆಗೆ ಆಗುವ ಹಾನಿ ಭಾರದ ಸುಮಾರು ನಾಲ್ಕನೆಯ ಘಾತದಂತೆ ಬೆಳೆಯುತ್ತದೆ, ಅಂದರೆ ಶೇ. 20ರಷ್ಟು ಹೆಚ್ಚು ಹೇರಿದರೆ ಹಾನಿ ಎರಡು ಪಟ್ಟು, ಅರ್ಧದಷ್ಟು ಹೆಚ್ಚು ಹೇರಿದರೆ ಐದು ಪಟ್ಟು. ಲಾರಿಯ ಒಡೆಯರಿಗೆ ಉಳಿದ ಡೀಸೆಲ್ಲಿನ ಹಣವನ್ನು ಎರೆ ನೆಲದ ಮೇಲೆ ಹಾಸಿದ ಆ ತೆಳು ರಸ್ತೆ ತೆರುತ್ತದೆ. ರಸ್ತೆ ಕಿತ್ತುಹೋದ ಮೇಲೆ ಅದರಲ್ಲಿ ಸೈಕಲ್ ತುಳಿಯುವ ಶಾಲೆಯ ಮಕ್ಕಳು ತೆರುತ್ತಾರೆ, ಹೆರಿಗೆ ನೋವಿನಲ್ಲಿ ಆಟೋದಲ್ಲಿ ಆಸ್ಪತ್ರೆಗೆ ಹೊರಟ ಹೆಂಗಸು ತೆರುತ್ತಾಳೆ. ಗೋಪಾಲದಾಸರು ತಮ್ಮದನ್ನು ತಿಳಿದು ಕೊಟ್ಟರು. ಇಲ್ಲಿ ತೆರುವವರಿಗೆ ತಾವು ತೆರುತ್ತಿದ್ದೇವೆಂಬುದೇ ತಿಳಿದಿಲ್ಲ, ಕೇಳಿದವರೂ ಇಲ್ಲ. ದಾನಕ್ಕೂ ಕಳವಿಗೂ ಇರುವ ಅಂತರ ಇದೇ.

ಯುಕ್ತವಾದ ಆಹಾರ, ಯುಕ್ತವಾದ ವಿಹಾರ ಎಂದು ಭಗವದ್ಗೀತೆಯ ಆರನೆಯ ಅಧ್ಯಾಯ ಹೇಳುವಲ್ಲಿ ಬರುವ ಯುಕ್ತವೆಂಬ ಪದವೂ ಅದೇ ಯುಜ್ ಧಾತುವಿನಿಂದ ಬಂದದ್ದು. ಹೆಚ್ಚು ಉಣ್ಣುವವರಿಗೂ ಏನೂ ಉಣ್ಣದವರಿಗೂ ಯೋಗವಿಲ್ಲವೆನ್ನುವ ಆ ಮಾತನ್ನು ಮಿತವಾಗಿರು ಎಂಬಷ್ಟಕ್ಕೇ ನಿಲ್ಲಿಸುವುದು ವಾಡಿಕೆ. ಆದರೆ ಯುಕ್ತವೆಂದರೆ ಕಡಿಮೆಯೆಂದಲ್ಲ, ಹೂಡಿದ ಕೆಲಸಕ್ಕೆ ಹೊಂದಿದ್ದು ಎಂದು. ಎಂಜಿನ್ನಿಗೆ ತೀರ ಕಡಿಮೆ ಸುತ್ತುಗಳಲ್ಲಿ ಭಾರಿ ಭಾರ ಎಳೆಸುವ ಚಾಲಕ ಉಳಿಸುತ್ತಿದ್ದೇನೆಂದು ತಿಳಿದಿರುತ್ತಾನೆ, ಆದರೆ ಅದು ಉಪವಾಸವಿದ್ದವನ ಕೈಯಲ್ಲಿ ಮೂಟೆ ಹೊರಿಸಿದಂತೆ. ಹಿಂದಿನ ಎಂಜಿನ್ನುಗಳಿಗಿಂತ ಈಗಿನ ಎಲೆಕ್ಟ್ರಾನಿಕ್ ನಿಯಂತ್ರಣದ ಎಂಜಿನ್ನುಗಳು ಕಡಿಮೆ ಸುತ್ತುಗಳಲ್ಲೇ ಹೆಚ್ಚು ಬಲ ಕೊಡಬಲ್ಲವಾದ್ದರಿಂದ ಕಡಿಮೆ ಅನುಪಾತದ ಅಚ್ಚುಗಳು ಸಾಧ್ಯವಾಗಿವೆ ಎಂಬುದು ನಿಜ. ಅದರಿಂದ ಹೊಂದಿಕೆಯ ಗೆರೆ ಸ್ವಲ್ಪ ಸರಿದಿದೆಯೇ ಹೊರತು ಗೆರೆಯೇ ಅಳಿಸಿಹೋಗಿಲ್ಲ.

ಹೋಲಿಕೆ ಮುರಿದು ಬೀಳುವ ಜಾಗವನ್ನೂ ಹೇಳಬೇಕು. ಜೀವದ ಯೋಗ್ಯತೆ ಯಾರೂ ಆರಿಸಿ ಕೊಟ್ಟದ್ದಲ್ಲ, ಅದಕ್ಕೆ ಆದಿಯಿಲ್ಲ. ಅಚ್ಚಿನ ಅನುಪಾತವನ್ನು ಕೊಳ್ಳುವವರು ಆರಿಸುತ್ತಾರೆ, ಖರ್ಚು ಮಾಡಲು ಸಿದ್ಧರಿದ್ದರೆ ಬದಲಿಸಲೂ ಬಹುದು. ಹೀಗೆ ಬದಲಿಸುವಾಗ ಕ್ರೌನನ್ನು ಮಾತ್ರ ಅಥವಾ ಪಿನಿಯನ್ನನ್ನು ಮಾತ್ರ ಬದಲಿಸುವಂತಿಲ್ಲ. ಕಾರ್ಖಾನೆಯಲ್ಲೇ ಎರಡನ್ನೂ ಒಂದಕ್ಕೊಂದು ಉಜ್ಜಿ ಹೊಂದಿಸಿ ಜೋಡಿಯಾಗಿ ಕಳುಹಿಸಿರುತ್ತಾರೆ. ಒಂದು ಜೋಡಿಯ ಕ್ರೌನಿಗೆ ಇನ್ನೊಂದು ಜೋಡಿಯ ಪಿನಿಯನ್ ಕೂಡಿಸಿದರೆ ಹೌಸಿಂಗು ಕೂಗತೊಡಗುತ್ತದೆ, ಹಲ್ಲುಗಳು ಬೇಗ ಸವೆದು ಮುರಿಯುತ್ತವೆ. ಇನ್ನೊಂದು ಅಪಾಯವೂ ಇದೆ. ವೇಗದ ಮಾಪನ ಗೇರ್‌ಬಾಕ್ಸಿನ ಕಡೆಯಿಂದ ನಡೆಯುವ ಲಾರಿಯಲ್ಲಿ 6.83ರ ಜೋಡಿಯನ್ನು ತೆಗೆದು 5.29ರದನ್ನು ಕೂಡಿಸಿ, ಸ್ಪೀಡೋಮೀಟರನ್ನು ಹೊಸ ಲೆಕ್ಕಕ್ಕೆ ಸರಿಮಾಡದೆ ಬಿಟ್ಟರೆ, ಮುಳ್ಳು 60 ತೋರಿಸುವಾಗ ಲಾರಿ 77ರ ವೇಗದಲ್ಲಿ ಓಡುತ್ತಿರುತ್ತದೆ. ಹೊರಗಿನಿಂದ ಎರವಲು ತಂದ ಸಾಮರ್ಥ್ಯದಲ್ಲಿ ಓಡುವವರಿಗೆ ತಮ್ಮ ವೇಗವೇ ತಮಗೆ ತಿಳಿಯದೆ ಹೋಗುತ್ತದೆ; ಪರಧರ್ಮ ಭಯವನ್ನು ತರುತ್ತದೆಂಬ ಗೀತೆಯ ಮಾತಿಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಸಿಗುವುದು ಕಷ್ಟ.

ಹಳೆಯ ಲಾರಿಯನ್ನು ಕೊಂಡವರಿಗೆ ಅದರ ಅನುಪಾತ ಎಷ್ಟೆಂದು ತಿಳಿಯದಿರಬಹುದು; ಹೌಸಿಂಗಿನ ಮೇಲಿನ ಗುರುತುಗಳು ಗ್ರೀಸು ಮಣ್ಣುಗಳಲ್ಲಿ ಮುಚ್ಚಿಹೋಗಿರುತ್ತವೆ, ಒಳಗಿನ ಜೋಡಿ ಎಂದೋ ಬದಲಾಗಿರುವುದೂ ಉಂಟು. ಆಗ ಗ್ಯಾರೇಜಿನಲ್ಲಿ ಪೆಟ್ಟಿಗೆಯನ್ನು ಬಿಚ್ಚದೆಯೇ ಅದನ್ನು ಕಂಡುಕೊಳ್ಳುತ್ತಾರೆ. ನೆಲದಲ್ಲಿ ಉಳಿಯುವ ಚಕ್ರಗಳಿಗೆಲ್ಲ ಕಲ್ಲುಕೊಟ್ಟು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಹಿಂದಿನ ಒಂದು ಬದಿಯ ಚಕ್ರವನ್ನು ಜಾಕಿನಿಂದ ಎತ್ತುತ್ತಾರೆ. ಟೈರಿನ ನೆತ್ತಿಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ, ಶಾಫ್ಟಿನ ಮೇಲೆ ಇನ್ನೊಂದು ಗೆರೆ ಎಳೆಯುತ್ತಾರೆ. ಇನ್ನೊಂದು ಬದಿಯ ಚಕ್ರ ನೆಲದಲ್ಲೇ ನಿಂತಿರುವಾಗ ಡಿಫರೆನ್ಷಿಯಲ್ ಶಾಫ್ಟಿನ ಚಲನೆಯನ್ನೆಲ್ಲ ಎತ್ತಿದ ಚಕ್ರಕ್ಕೇ ಒಪ್ಪಿಸಿ ಅದನ್ನು ಎರಡು ಪಟ್ಟು ತಿರುಗಿಸುವುದರಿಂದ, ಲೆಕ್ಕ ಸರಿಹೋಗಲು ಆ ಚಕ್ರವನ್ನು ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಒಬ್ಬರು ಎರಡೂ ಕೈಗಳಿಂದ ಟೈರನ್ನು ಹಿಡಿದು ನಿಧಾನವಾಗಿ ತಿರುಗಿಸುತ್ತಾರೆ. ಇನ್ನೊಬ್ಬರು ಲಾರಿಯ ಕೆಳಗೆ ಗೋಣಿಚೀಲದ ಮೇಲೆ ಮಲಗಿ ಶಾಫ್ಟಿನ ಗೆರೆ ತಮ್ಮ ಮುಖದ ನೇರಕ್ಕೆ ಬಂದಾಗಲೆಲ್ಲ ಗಟ್ಟಿಯಾಗಿ ಎಣಿಸುತ್ತಾರೆ. ಒಂದು, ಎರಡು, ಮೂರು, ನಾಲ್ಕು, ಐದು. ಆರೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಶಾಫ್ಟಿನ ಗೆರೆ ಇನ್ನೂ ಕೆಲವು ಬೆರಳುಗಳಷ್ಟು ದೂರದಲ್ಲಿರುವಾಗಲೇ, ಟೈರಿನ ಸುಣ್ಣದ ಗೆರೆ ಎರಡನೆಯ ಸಲ ನೆತ್ತಿಗೆ ಬಂದು ನಿಲ್ಲುತ್ತದೆ.